ಅತಿಥಿಗಳಿಗೆ ನೆರಳು

ಆಮೆಮರಿಗಳನ್ನು ಕಡಲಿಗೆ ಬಿಡುವ ಸಮಾರಂಭಕ್ಕೆ ಇನ್ನೂ ಮೂರು ದಿನ ಇರುವಾಗಲೇ ಅರಣ್ಯ ಇಲಾಖೆಯ ಸಾಹೇಬರು ಬಂದು ಕಡಲಾಮೆಯ ಮೊಟ್ಟೆಗುಂಡಿಗಳ ಮೇಲೆ ಕಟ್ಟಿದ್ದ ಹಸಿರು ನೆರಳುಪರದೆಯನ್ನು ಬಿಚ್ಚಿಸತೊಡಗಿದರು. ವೇದಿಕೆಗೆ ಬೇಕಿತ್ತು. ಬರುವ ಮುಖ್ಯ ಅತಿಥಿಗಳು ದೊಡ್ಡವರು, ಬಿಸಿಲು ತಡೆಯುವ ಮೈಯಲ್ಲ. ಅವರ ಭಾಷಣದ ವಿಷಯ: ‘ಬಿಸಿಯೇರುತ್ತಿರುವ ಭೂಮಿ, ಅಳಿಯುತ್ತಿರುವ ಜೀವಿಗಳು’.

ಗುಂಡಿಗಳ ಕಾವಲುಗಾರ ಹಗ್ಗದ ಇನ್ನೊಂದು ತುದಿಯನ್ನು ಬಿಗಿಯಾಗಿ ಹಿಡಿದು ನಿಂತ.

“ಬೇಡ ಸಾರ್. ಮೊಟ್ಟೇಲಿ ಗಂಡೋ ಹೆಣ್ಣೋ ಅಂತ ಆಗೋದು ಈ ವಾರಾನೇ, ಗುಂಡಿ ತಂಪಾಗಿರ್ಬೇಕು. ಮರಳು ಕಾದ್ರೆ ಹುಟ್ಟೋದೆಲ್ಲ ಹೆಣ್ಣು. ಆರು ವರ್ಷದಿಂದ ಈ ದಂಡೇಲಿ ಒಂದು ಗಂಡು ಹುಟ್ಟಿಲ್ಲ. ಈ ನಾಲ್ಕು ಗುಂಡೀಲಾದ್ರೂ ಹುಟ್ಲಿ ಅಂತ ಪರದೆ ಕಟ್ಟಿದ್ದು.”

“ಹೆಣ್ಣು ಜಾಸ್ತಿ ಆದ್ರೆ ಮೊಟ್ಟೆ ಜಾಸ್ತಿ. ಅಷ್ಟೂ ಗೊತ್ತಾಗಲ್ವೇನಯ್ಯ? ನಮ್ಮನೇಲೂ ಮೂರೂ ಹೆಣ್ಣೇ. ಏನು ಕಮ್ಮಿಯಾಗಿದೆ ಈಗ?”

“ಮನೇಲಿ ನೀವೊಬ್ರು ಇದ್ರಲ್ಲ ಸಾರ್, ಅದಕ್ಕೆ ಮೂರಾದ್ರು.”

ಪರದೆ ಸುತ್ತುತ್ತಿದ್ದ ಕೂಲಿಯವರು ಮುಖ ತಿರುಗಿಸಿಕೊಂಡು ನಕ್ಕರು. ಸಾಹೇಬರ ಕಿವಿ ಕೆಂಪಾಯಿತು. ಪರದೆ ಹೋಯಿತು. ಕಾವಲುಗಾರನ ಹೆಂಡತಿ ಮನೆಯಲ್ಲಿದ್ದ ಹೊದಿಕೆಗಳನ್ನೆಲ್ಲ ಹೊತ್ತು ತಂದು ಗುಂಡಿಗಳ ಮೇಲೆ ಕಟ್ಟಿದಳು. ಸಮಾರಂಭದ ಅಂದ ಕೆಡುತ್ತದೆಂದು ಅವನ್ನೂ ಕೀಳಿಸಿದರು. ಇಪ್ಪತ್ತೆಂಟು ಡಿಗ್ರಿಯಲ್ಲಿದ್ದ ಮರಳಿನ ಥರ್ಮಾಮೀಟರ್ ಮೂರನೆಯ ದಿನಕ್ಕೆ ಮೂವತ್ತಮೂರು ತೋರಿಸಿತು.

“ಏನಾಯ್ತು?” ಎಂದು ಹೆಂಡತಿ ಕೇಳಿದಳು.

“ಆಗೋದೇನು? ಈ ವರ್ಷಾನೂ ಹೆಣ್ಣುಮಕ್ಕಳ ಹಾಸ್ಟೆಲ್ಲೇ ಕಣೇ.”

ಮರಿಗಳನ್ನು ಕಡಲಿಗೆ ಬಿಡುವುದು ನಸುಕಿನಲ್ಲಿ. ಅತಿಥಿಗಳು ಹಾಸಿಗೆ ಬಿಡುವುದು ಒಂಬತ್ತಕ್ಕೆ. ಹಾಗಾಗಿ ಬೇರೊಂದು ಗುಂಡಿಯಿಂದ ಸಮಾರಂಭದ ದಿನ ನಸುಕಿಗೇ ಮೇಲೆ ಬಂದಿದ್ದ ಅರವತ್ತು ಮರಿಗಳು ಬುಟ್ಟಿಯಲ್ಲಿ ಅವರ ದಾರಿ ಕಾದವು. ಹನ್ನೆರಡಕ್ಕೆ ಬಂದ ಅತಿಥಿಗಳು ಪರದೆಯ ಕೆಳಗೆ ನಿಂತು ಭೂಮಿಯ ಜ್ವರದ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದರು. “ಏನ್ರೀ, ಇಲ್ಲಿ ಇಷ್ಟು ಹಿತವಾಗಿದೆ” ಎಂದು ನಡುವೆ ಸಾಹೇಬರ ಬೆನ್ನನ್ನೂ ತಟ್ಟಿದರು.

ಆಮೇಲೆ ಕ್ಯಾಮೆರಾಗಳ ಮುಂದೆ ಬುಟ್ಟಿ ಬೋರಲಾಯಿತು. ಕಾದ ಮರಳಿಗೆ ಬಿದ್ದ ಮರಿಗಳು ಕಡಲಿನ ಕಡೆ ನಾಲ್ಕು ಹೆಜ್ಜೆ ಇಟ್ಟು ತಡೆದು ನಿಂತವು. ಬಹಳಷ್ಟು ಅಲ್ಲೇ ಉಳಿದವು. ಹತ್ತಾರು ಮಾತ್ರ ಹಿಂದಕ್ಕೆ ತಿರುಗಿ, ತೆವಳಿ ತೆವಳಿ ಪರದೆಯ ನೆರಳಿಗೆ ಬಂದು ಅತಿಥಿಗಳ ಬೂಟಿನ ಸುತ್ತ ಸೇರಿಕೊಂಡವು.

ಅತಿಥಿಗಳು ಕ್ಯಾಮೆರಾಗಳ ಕಡೆ ತಿರುಗಿದರು. “ನೋಡಿ, ಮೂಕ ಜೀವಗಳು. ನನ್ನನ್ನ ಬಿಟ್ಟು ಹೋಗೋಕೆ ಇವಕ್ಕೆ ಮನಸ್ಸೇ ಬರ್ತಿಲ್ಲ.”

ಚಪ್ಪಾಳೆ ಬಿತ್ತು. ಸಾಹೇಬರು ನೆರಳಿನ ಅಂಚಿಗೆ ಬಂದು, ಹೊರಗೆ ಬಿಸಿಲಲ್ಲಿ ಬಗ್ಗಿದ್ದ ಕಾವಲುಗಾರನಿಗೆ ಹಲ್ಲು ಕಚ್ಚಿಕೊಂಡು, “ಚಪ್ಪಾಳೆ ತಟ್ಟಯ್ಯ” ಎಂದರು.

“ಕೈಗೆ ಬಿಡುವಿಲ್ಲ ಸಾರ್” ಎಂದ ಅವನು. ಕಾಲು ಸೆಟೆದು ಬಿದ್ದಿದ್ದ ಮರಿಗಳನ್ನು ಒಂದೊಂದಾಗಿ ಹೆಕ್ಕಿ ಬುಟ್ಟಿಗೆ ಹಾಕುತ್ತಿದ್ದ.