ಕೆಂಪಗೆ ಕಂಡ ಉಳ್ಳಾಗಡ್ಡಿ

ಆ ಶಾಲೆಗಿದ್ದದ್ದು ಒಂದೇ ಸೂಕ್ಷ್ಮದರ್ಶಕ. ಅದು ಬೀರುವಿನಿಂದ ಹೊರಬಂದು ಕುಂಕುಮ, ಹೂವು ಕಾಣುತ್ತಿದ್ದದ್ದು ಆಯುಧಪೂಜೆಗೆ ಮಾತ್ರ. ಈ ಸಲ ಪೂಜೆ ಮುಗಿಯುತ್ತಿದ್ದಂತೆ ಜೀವಶಾಸ್ತ್ರದ ಪ್ರಯೋಗ ಪರೀಕ್ಷೆಯೂ ಬಂತು. ಹೊರಗಿನಿಂದ ಬಂದ ಪರೀಕ್ಷಕರು ಹಾರ ತೆಗೆಸಿ, ಉಳ್ಳಾಗಡ್ಡಿಯ ತೆಳು ಸಿಪ್ಪೆಯನ್ನು ಅದರಡಿ ಇಡಿಸಿದರು.

"ಒಬ್ಬೊಬ್ಬರ ಬಂದು ನೋಡ್ರಿ. ಕಂಡಿದ್ದನ್ನಷ್ಟ ತಗೀರಿ."

ಎಲ್ಲರೂ ಪುಸ್ತಕದಲ್ಲಿರುವಂಥ ಅಂದವಾದ ಕೋಶಗಳನ್ನೇ ಬಿಡಿಸಿದರು. ದಾನೇಶ್ವರಿ ಮಾತ್ರ ಒಂದು ವೃತ್ತ ಎಳೆದು, ಒಳಗೆಲ್ಲ ಕೆಂಪು ಪೆನ್ಸಿಲ್ ಉಜ್ಜಿದ್ದಳು.

"ಏನವಾ ಇದು, ಉಳ್ಳಾಗಡ್ಡಿನೋ ಟೊಮ್ಯಾಟೋನೋ?"

ತರಗತಿಯೆಲ್ಲ ಗೊಳ್ಳೆಂದಿತು.

"ನನಗ ಕಂಡಿದ್ದ ಇಷ್ಟರಿ, ಸರ್."

"ಎಲ್ಲಾರಿಗೂ ಕಂಡಿದ್ದು ನಿನಗೊಬ್ಬಾಕಿಗೆ ಕಾಣಲಿಲ್ಲೇನು? ಫೇಲ್ ಮಾಡ್ತೀನಿ ನೋಡು!"

"ನೀವ ಒಮ್ಮೆ ನೋಡ್ರಲ್ಲ, ಸರ್."

ಪರೀಕ್ಷಕರು ಬಗ್ಗಿ ಕಣ್ಣಿಟ್ಟರು. "ಆಹಾ! ಕೋಶದ ಗ್ವಾಡಿ, ನಡುವ ಕೋಶಕೇಂದ್ರ, ಎಲ್ಲಾ ಎಷ್ಟು ಛಂದ ಕಾಣಾಕತ್ತೈತಿ!"

ಅವರು ತಲೆ ಎತ್ತಿದಾಗ ಕಣ್ಣಿನ ಸುತ್ತ ಪೂಜೆಯ ಕುಂಕುಮ ಮೆತ್ತಿತ್ತು. ಇಡೀ ತರಗತಿಯಲ್ಲಿ ಹಾಗೆ ಮೆತ್ತಿದ್ದ ಇನ್ನೊಂದು ಕಣ್ಣು ದಾನೇಶ್ವರಿಯದು ಮಾತ್ರ.