ಗಂಟಿನ ಬೀಜ

"ಅತ್ತೆ, ಬೀಜದ ಗಂಟು ಬಿಚ್ಚಿಬಿಟ್ಟೆ," ಎಂದಳು ಸೊಸೆ.

ಒಲೆಯ ಮೇಲೆ ಗಂಟು ತೂಗುತ್ತಿದ್ದ ಮೊಳೆ ಖಾಲಿಯಾಗಿತ್ತು. ಕುಟ್ಟಾಣಿಯ ಅಂಚಿಗೆ ಗೋಧಿಯ ತೌಡು ಅಂಟಿತ್ತು. ಪಾತ್ರೆಯಲ್ಲಿ ಗಂಜಿ ಕುದಿಯುತ್ತಿತ್ತು. ಅತ್ತೆ ಬಾಗಿಲಲ್ಲೇ ನಿಂತುಬಿಟ್ಟಳು.

ಮೂರು ದಿನದಿಂದ ಜ್ವರದಲ್ಲಿ ಕಣ್ಣು ಬಿಡದಿದ್ದ ಮೊಮ್ಮಗಳು ಬೆಳಿಗ್ಗೆ ಎದ್ದು "ಹಸಿವು" ಎಂದಿದ್ದಳು. ಆ ಮಾತಿಗೆ ಹಬ್ಬದ ದಿನವೇ ಸಿಗಬೇಕೇ! ಸುಗ್ಗಿಹಬ್ಬದ ಮುನ್ನಾದಿನ ಹಳೆಯ ಧಾನ್ಯವನ್ನೆಲ್ಲ ಕೊಟ್ಟು ಮನೆ ಬರಿದು ಮಾಡಬೇಕು. ಹಬ್ಬದ ಸಂಜೆ ಮೈದಾನದಲ್ಲಿ ಹೊಸ ಧಾನ್ಯ ಹಂಚುವವರೆಗೆ ಯಾರ ಮನೆಯಲ್ಲೂ ಒಂದು ಕಾಳು ಇರಕೂಡದು. ದೇಶಕ್ಕೆಲ್ಲ ರಜೆ, ಅಂಗಡಿಗಳಿಗೆಲ್ಲ ಬೀಗ. ಜ್ವರಕ್ಕೇನು ಗೊತ್ತು ಹಬ್ಬ, ರಜೆ? ಇಡೀ ಬೀದಿಯಲ್ಲಿ ಉಳಿದದ್ದು ಈ ಗಂಟಿನ ಒಂದು ಹಿಡಿ ಗೋಧಿ ಮಾತ್ರ.

ಅದು ಅಂತಿಂಥ ಗೋಧಿಯಲ್ಲ. ಹಿಂದೊಮ್ಮೆ ಬರಗಾಲದಲ್ಲಿ ಜನ ಬಿತ್ತನೆಯ ಕಾಳನ್ನೂ ತಿಂದು ಮುಗಿಸಿದಾಗ ಈ ಮನೆಯ ಹೆಂಗಸೊಬ್ಬಳು ಒಂದು ಹಿಡಿ ಬಚ್ಚಿಟ್ಟಳಂತೆ. ಮಳೆ ಬಂತು, ಬಿತ್ತಿದರು, ಜನ ಉಳಿದರು. ಹಬ್ಬ ಹುಟ್ಟಿದ್ದು ಹಾಗೆ. ಪ್ರತಿ ವರ್ಷ ಅತ್ತೆ ಎಲ್ಲರ ಮುಂದೆ ಆ ಕಥೆ ಹೇಳಿ, ಗಂಟನ್ನು ಹೊಸ ರಾಶಿಗೆ ಸುರಿದು, ಮತ್ತೆ ಒಂದು ಹಿಡಿ ತುಂಬಿಕೊಂಡು ಬರುತ್ತಿದ್ದಳು. ಗಂಟು ಒಂದು ವರ್ಷವೂ ತಪ್ಪಿರಲಿಲ್ಲ.

"ನಲವತ್ತು ವರ್ಷ ಕಾಪಾಡಿದ್ದೀನಿ ಕಣೇ! ಸಂಜೆ ಜನಕ್ಕೆ ಏನಂತ ಮುಖ ತೋರಿಸ್ಲಿ?"

"ಹಾಲು ಕೊಟ್ಟೆ, ಕಕ್ಕಿಬಿಟ್ಲು. ಮನೆಮನೆಗೂ ಹೋಗಿ ಕೇಳ್ದೆ, ಎಲ್ಲರದ್ದೂ ಖಾಲಿ ಡಬ್ಬ. ಬೈಯಿರಿ ಅತ್ತೆ, ಬೇಕಾದ್ರೆ ಎರಡೇಟು ಹಾಕಿ. ಮೊದ್ಲು ಅವಳು ಉಣ್ಣಲಿ." ಸೊಸೆ ಗಂಜಿಯನ್ನು ಬಟ್ಟಲಿಗೆ ಬಗ್ಗಿಸಿದಳು. "ಬೀಜ ಬಚ್ಚಿಟ್ಳಲ್ಲ, ಅವಳಿಗೆ ಮಕ್ಕಳಿರಲಿಲ್ವಾ?"

ಅತ್ತೆ ಗೋಡೆ ಹಿಡಿದು ಕುಳಿತಳು.

"ಒಂದು ಮಗು ಇತ್ತು," ಎಂದಳು. "ಹಸಿವು ಹಸಿವು ಅಂತ ಅಳ್ತಾನೇ ಇತ್ತಂತೆ. ಗಂಟು ಬಿಚ್ಚಲಿಲ್ಲ ಅವಳು. ಮಳೆ ಬರೋಕೆ ಎರಡು ದಿನ ಮುಂಚೆ ಮಗು ಹೋಯ್ತು. ನಮ್ಮತ್ತೆ ನನ್ನ ಕಿವೀಲಿ ಮಾತ್ರ ಹೇಳಿದ್ರು, ಮೈದಾನದಲ್ಲಿ ಹೇಳಬಾರದು ಅಂತ. ಹಬ್ಬದ ದಿನ ಅಳು ಯಾಕೆ ಅಂತ."

ಆಮೇಲೆ ಎದ್ದು ಬಟ್ಟಲು ಕಿತ್ತುಕೊಂಡಳು. "ಇಷ್ಟು ಬಿಸಿ ಕೊಟ್ರೆ ನಾಲಿಗೆ ಸುಡಲ್ವೇನೆ? ತಾ ಇಲ್ಲಿ." ಊದಿ ಊದಿ ತಾನೇ ತಿನ್ನಿಸಿದಳು. ಮಗು ಬಟ್ಟಲು ಮುಗಿಸಿ "ಇನ್ನೂ" ಎಂದಾಗ ಅತ್ತೆಗೆ ಅಳು ತಡೆಯಲಾಗಲಿಲ್ಲ.

ಸಂಜೆ ಮೈದಾನದಲ್ಲಿ ಎಂದಿನಂತೆ ಕಥೆ ಹೇಳಿದಳು. ಈ ಸಲ ಆ ಮಗುವಿನ ವಿಷಯವನ್ನು ಬಿಡಲಿಲ್ಲ. ಜನ ಉಸಿರು ಬಿಗಿಹಿಡಿದು ಕೇಳಿದರು. ಕೊನೆಗೆ ಗಂಟಿನ ಬಟ್ಟೆಯನ್ನು ರಾಶಿಯ ಮೇಲೆ ಬಿಚ್ಚಿ ಕೊಡವಿದಳು. ಒಂದು ಕಾಳೂ ಬೀಳಲಿಲ್ಲ.

"ಬೀಜ ಎಲ್ಲಮ್ಮಾ?" ಮುಂದಿನ ಸಾಲಿನಿಂದ ಮುದುಕನೊಬ್ಬ ಗಾಬರಿಯಿಂದ ಕೇಳಿದ.

"ಈ ಸಲ ಮಗು ಉಂಡಿತು," ಎಂದಳು ಅತ್ತೆ.