ಕಿತ್ತ ಫ್ಯೂಸು

ಕರೆಂಟ್ ಹುಟ್ಟಿಸುವ ಮಿಷನ್ನಿಗೆ ತಗಲಿಸಿ ತೆಗೆದ ಗಾಜಿನ ಜಾಡಿಯನ್ನು ಒಂದು ಕೈಯಲ್ಲಿ ಹಿಡಿದಿದ್ದ ನಿಖಿತಾ, ಇನ್ನೊಂದು ಕೈಯಿಂದ ಅದರ ತಲೆಯ ಮೇಲಿನ ಹಿತ್ತಾಳೆ ಗುಂಡಿಯನ್ನು ಮುಟ್ಟಿದ್ದೇ ತಡ, ಕಿರುಚಿ ಹಿಂದಕ್ಕೆ ಹಾರಿದಳು. ತರಗತಿಯೆಲ್ಲ ಗೊಳ್ಳೆಂದು ನಕ್ಕಿತು.

“ಮಿಷನ್ ನಿಲ್ಸಿದ್ರಲ್ಲಾ ಸಾ?” ಎಂದಳು.

“ನಿಲ್ಸಿದ್ರೂ ಜಾಡೀಲಿ ಕರೆಂಟ್ ಉಳ್ಕೊಂಡಿರ್ತದಮ್ಮ. ಹಾಲೆಂಡಿನ ಮುಶೆನ್‌ಬ್ರೂಕ್ ಅನ್ನೋ ವಿಜ್ಞಾನಿಗೂ ಇದು ಗೊತ್ತಾಗಿದ್ದು ಹಿಂಗೆ ಶಾಕ್ ಹೊಡೆಸ್ಕೊಂಡೇ,” ಎಂದರು ಮೇಷ್ಟ್ರು. “ನಿಮ್ ಪಂಪ್‌ಸೆಟ್ಟಿನ ಕಂಡೆನ್ಸರೂ ಇಂಥದ್ದೇ. ಫ್ಯೂಸ್ ಕಿತ್ತ ಮೇಲೂ ಹುಷಾರಾಗಿರಬೇಕು.”

ನಿಖಿತಾಳ ಮುಖ ಬಿಳಿಚಿಕೊಂಡಿತು. ಅವಳ ಅಪ್ಪ ಮೋಟಾರು ರಿಪೇರಿಗೆಂದು ಪಂಪ್‌ಸೆಟ್ಟಿನ ಕಂಡೆನ್ಸರಿದ್ದ ಡಬ್ಬಿಗೆ ಕೈ ಹಾಕಿ, ಶಾಕ್ ಹೊಡೆದು, ಪಕ್ಕದ ಬಾವಿಗೆ ಬಿದ್ದು ಸತ್ತಿದ್ದ. ಫ್ಯೂಸ್ ಕೀಳಲು ಹೋಗಿದ್ದವನು ಚಿಕ್ಕಪ್ಪ ಪುಟ್ಟರಾಜು. “ದೇವ್ರಾಣೆಗೂ ಕಿತ್ತಿದ್ದೆ ಅತ್ಗೆ” ಎಂದು ಅವನು ಅಂಗಳದಲ್ಲಿ ಹೊರಳಾಡಿ ಅತ್ತರೂ ಯಾರೂ ನಂಬಲಿಲ್ಲ. ಅಣ್ಣನನ್ನು ಕೊಂದವನೆಂಬ ಮಾತು ತಾಳಲಾರದೆ ಊರು ಬಿಟ್ಟವನು ಈಗ ಹಿರೀಸಾವೆಯ ಹೋಟೆಲೊಂದರಲ್ಲಿ ತಟ್ಟೆ ಲೋಟ ತೊಳೆಯುತ್ತಿದ್ದ.

ಕಾಲೇಜು ಬಿಟ್ಟೊಡನೆ ಅವಳು ಹೊಳೆನರಸೀಪುರದಲ್ಲಿ ಬಸ್ಸು ಹತ್ತಿದಳು. ಹೋಟೆಲಿನ ಹಿಂಬದಿಯ ನಲ್ಲಿಯ ಹತ್ತಿರ ಚಿಕ್ಕಪ್ಪನನ್ನು ಹಿಡಿದು ನಿಲ್ಲಿಸಿ, ಅಳುತ್ತಲೇ ಎಲ್ಲವನ್ನೂ ಹೇಳಿದಳು.

“ನಿನ್ ತಪ್ಪೇನೂ ಇಲ್ಲ ಚಿಕ್ಕಪ್ಪ. ನೀನು ಫ್ಯೂಸ್ ಕಿತ್ತಿದ್ದೆ.”

ಅವನು ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡ.

“ಕಿತ್ತಿದ್ನಾ?” ಎಂದು ಕೇಳಿದ. “ನೀವೆಲ್ಲ ಕಿತ್ತಿಲ್ಲ, ಕಿತ್ತಿಲ್ಲ ಅಂತ ಅಂದೂ ಅಂದೂ, ಈಗ ನಂಗೂ ಕಿತ್ತಿರ್ಲಿಲ್ಲ ಅಂತ್ಲೇ ಗ್ಯಾಪ್ಕ ಕಣವ್ವ.”